ತಾಳ್ಮೆಯೋ, ಅಲಕ್ಷ್ಯವೋ? – ಬೆಳವಣಿಗೆಯಲ್ಲಿ ತಡವಾದ ಮಕ್ಕಳ ವಿಷಯವಾಗಿ ಒಂದು ವಿಚಾರ



ತಾಳಿದವನು ಬಾಳಿಯಾನು ಎಂಬ ಗಾದೆಯು ನಮ್ಮೆಲ್ಲರಿಗೂ ತಿಳಿದದ್ದೇ. ಮಳೆಗೋಸ್ಕರ ತಾಳಬೇಕು, ಪೈರು ಮಾಗುವ ತನಕ ತಾಳಬೇಕು, ನೆರೆಯವನ ಕೋಪವು ಇಳಿಯುವ ವರೆಗೆ ತಾಳಬೇಕು. ತಾಳ್ಮೆಯು ಸದ್ಗುಣಗಳಲ್ಲಿ ಒಂದೆಂದು ನಾವು ಅನೇಕಾವರ್ತಿ ಬೋಧಿಸಿದ್ದೇವೆ, ಇನ್ನೂ ಬೋಧಿಸುವೆವು. ಆದರೆ ತಾಳ್ಮೆಯ ಉಡುಪನ್ನು ಧರಿಸಿಕೊಂಡು ಬರುವ ಮತ್ತೊಂದು ಸಂಗತಿಯುಂಟು. ಅದರ ಹೆಸರು ಅಲಕ್ಷ್ಯ. ಹೊರಗಿನಿಂದ ನೋಡುವವರಿಗೆ ಇವೆರಡೂ ಒಂದೇ ತೆರನಾಗಿ ಕಾಣುವವು. ಎರಡೂ ಸುಮ್ಮನೆ ಕೂತಿರುವವು. ಎರಡೂ "ಕಾಲ ಬರಲಿ" ಅನ್ನುವವು. ಹಾಗಾದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತಿಳಿಯುವದು ಹೇಗೆ? ಈ ಪ್ರಶ್ನೆಯನ್ನು ಬರೀ ಮಾತಿನಲ್ಲಿ ವಿಚಾರಿಸುವದಕ್ಕಿಂತ, ವಯಸ್ಸಿಗೆ ತಕ್ಕಂತೆ ನಡೆಯದ, ಮಾತಾಡದ ಮಕ್ಕಳನ್ನು ಮುಂದಿಟ್ಟುಕೊಂಡು ವಿಚಾರಿಸುವದು ಒಳ್ಳೇದೆಂದು ನಮಗೆ ತೋರುತ್ತದೆ; ಯಾಕಂದರೆ ಈ ವಿಷಯದಲ್ಲಿ ನಾವೇ ಒಮ್ಮೆ ತಪ್ಪಿದೆವು.

ನಮ್ಮ ಸಂಚಾರಕ್ಕೆ ಸೇರಿದ ಒಂದು ಹಳ್ಳಿಯಲ್ಲಿ ಕೂಲಿ ಮಾಡಿ ಬದುಕುವ ಒಂದು ಕುಟುಂಬವಿದೆ. ಆ ಮನೆಯ ಎರಡನೆಯ ಮಗನಿಗೆ ಎರಡು ವರುಷ ತುಂಬಿ ಮೂರು ತಿಂಗಳಾಗಿದ್ದಾಗ ನಾವು ಅಲ್ಲಿಗೆ ಹೋಗಿದ್ದೆವು. ಹುಡುಗನು ಮೈಯಲ್ಲಿ ಗಟ್ಟಿಮುಟ್ಟಾಗಿದ್ದನು. ಅಂಗಳದಲ್ಲಿ ಒಂದು ಆಟದ ಬಂಡಿಯನ್ನು ಬೋರಲು ಹಾಕಿ ಅದರ ಗಾಲಿಯನ್ನು ತಿರುಗಿಸುತ್ತಾ ಕೂತಿದ್ದನು. ಹೆಸರು ಹಿಡಿದು ಕರೆದೆವು, ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಎದ್ದು ಬಂದು, ನಮ್ಮ ಮುಖವನ್ನು ನೋಡದೆ, ನಮ್ಮ ಕೈಯನ್ನು ಹಿಡಿದು ಎಳಕೊಂಡು ಹೋಗಿ ನೀರಿನ ಕೊಡದ ಮುಚ್ಚಳದ ಮೇಲೆ ಇಟ್ಟನು. ನೀರು ಬೇಕೆಂದು ಅದರ ಅರ್ಥ. "ಎಷ್ಟು ಜಾಣ ನೋಡಿರಿ" ಎಂದು ನಾವು ನಕ್ಕೆವು. ತಾಯಿಯು ನಗಲಿಲ್ಲ. "ಅಯ್ಯನವರೇ, ಇವನು ಅವ್ವಾ ಅಂತಲೂ ಅನ್ನುವದಿಲ್ಲ. ಇವನಕ್ಕ ಈ ವಯಸ್ಸಿಗೆ ಹರಳು ಹುರಿದ ಹಾಗೆ ಮಾತಾಡುತ್ತಿದ್ದಳು. ದೊಡ್ಡಾಸ್ಪತ್ರೆಗೆ ತೋರಿಸಬೇಕೇನೋ?" ಎಂದು ಕೇಳಿದಳು. ಮೂಲೆಯಲ್ಲಿ ಕೂತಿದ್ದ ಅಜ್ಜಿಯು, "ಗಂಡುಹುಡುಗರಿಗೆ ಮಾತು ತಡ. ಇವರಪ್ಪನಿಗೂ ಮೂರು ತುಂಬಿದ ಮೇಲೆಯೇ ಬಾಯಿ ಬಂತು" ಅಂದಳು. ನಾವು ಅಜ್ಜಿಯ ಮಾತಿಗೆ ತಲೆದೂಗಿ, "ತಾಳಿಕೋ ತಂಗೀ, ಗಾಬರಿಯಾಗಬೇಡ, ಎಲ್ಲಾ ಸಮಯಕ್ಕೆ ಬರುವದು" ಎಂದು ಹೇಳಿ ಎದ್ದು ಬಂದೆವು.

ಒಂದು ವರುಷ ಕಳೆಯಿತು. ಹುಡುಗನು ಅಂಗನವಾಡಿಗೆ ಸೇರಿದನು. ಅಲ್ಲಿಗೆ ತಪಾಸಣೆಗೆ ಬಂದ ಸರಕಾರದ ವೈದ್ಯ ತಂಡದವರು ಅವನನ್ನು ನೋಡಿ ಜಿಲ್ಲಾ ಆಸ್ಪತ್ರೆಗೆ ಬರಕೊಟ್ಟರು; ಜಿಲ್ಲಾ ಆಸ್ಪತ್ರೆಯವರು ಪಟ್ಟಣದಲ್ಲಿರುವ ಮಕ್ಕಳ ಬೆಳವಣಿಗೆಯ ತಜ್ಞ ವೈದ್ಯರ ಬಳಿಗೆ ಕಳುಹಿಸಿದರು. ತಂದೆತಾಯಿಗಳ ಸಂಗಡ ನಾವೂ ಹೋದೆವು. ಹುಡುಗನಿಗೆ ಆಟಿಸಂ ಎಂಬ ಬೆಳವಣಿಗೆಯ ಭೇದವುಂಟೆಂದು ವೈದ್ಯರು ಹೇಳಿದರು. ಆ ಹೊತ್ತಿಗೆ ಅವನಿಗೆ ಮೂರೂವರೆ ವರುಷ ತುಂಬಿತ್ತು. ಹಿಂದಿರುಗುವ ಬಸ್ಸಿನಲ್ಲಿ ತಾಯಿಯು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಅಯ್ಯನವರೇ, ನಾನು ಆವತ್ತೇ ಕೇಳಿದ್ದೆ" ಎಂದಷ್ಟೇ ಅಂದಳು. ಅದರಲ್ಲಿ ದೂರು ಇರಲಿಲ್ಲ. ಆದರೂ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಾವು ನಮ್ಮನ್ನೇ ಕೇಳಿಕೊಳ್ಳುತ್ತಿರುವದೇನಂದರೆ, ಆ ತಾಯಿಗೆ ನಾವು ಬೋಧಿಸಿದ್ದು ತಾಳ್ಮೆಯನ್ನೋ, ಅಲಕ್ಷ್ಯವನ್ನೋ?

ಒಬ್ಬ ಒಕ್ಕಲಿಗನ ನಡತೆಯನ್ನು ನೋಡಿರಿ. ಅವನು ಬಿತ್ತಿದ ಮೇಲೆ ಕಾಯುತ್ತಾನೆ. ದಿನಾಲು ಮಣ್ಣನ್ನು ಕೆದಕಿ ಬೀಜವನ್ನು ನೋಡುವದಿಲ್ಲ. ಇದು ತಾಳ್ಮೆ. ಆದರೆ ಅಕ್ಕಪಕ್ಕದ ಹೊಲಗಳಲ್ಲೆಲ್ಲಾ ರಾಗಿಯು ಮೊಳೆತು ಹಸುರಾದ ಮೇಲೆಯೂ ತನ್ನ ಹೊಲದ ಒಂದು ಮೂಲೆಯು ಬರಿದಾಗಿಯೇ ಇದ್ದರೆ ಅವನು ಮನೆಯಲ್ಲಿ ಕೂತು "ಅದರ ಕಾಲಕ್ಕೆ ಅದು ಬರುವದು" ಅನ್ನುವನೋ? ಅನ್ನುವದಿಲ್ಲ. ಹೋಗಿ ನೋಡುವನು. ಬೀಜ ಜೊಳ್ಳೋ, ಇರುವೆ ಹೊತ್ತುಕೊಂಡು ಹೋಯಿತೋ, ನೀರು ನಿಂತಿತೋ ಎಂದು ವಿಚಾರಿಸುವನು. ಹಾಗೆ ಹೋಗಿ ನೋಡಿದ್ದಕ್ಕೆ ಅವನನ್ನು ತಾಳ್ಮೆಯಿಲ್ಲದವನೆಂದು ಯಾರೂ ಹೇಳರು. ಹೀಗಿರುವಲ್ಲಿ ತಾಳ್ಮೆಗೆ ಒಂದು ಗುರುತು ನಮಗೆ ದೊರೆಯಿತು. ಅದೇನಂದರೆ, ತಾಳುವವನಿಗೆ ತಾನು ಏನನ್ನು ಎದುರುನೋಡುತ್ತೇನೆಂಬದೂ, ಯಾವ ದಿನದ ವರೆಗೆ ಎದುರುನೋಡುತ್ತೇನೆಂಬದೂ ತಿಳಿದಿರುತ್ತದೆ. ಅಲಕ್ಷ್ಯ ಮಾಡುವವನಿಗೆ ಎರಡೂ ತಿಳಿದಿರುವದಿಲ್ಲ. ತಿಳಿಯಲು ಅವನಿಗೆ ಮನಸ್ಸೂ ಇಲ್ಲ. ನೋಡಿದರೆ ಏನು ಕಾಣುವದೋ ಎಂಬ ಭಯವೇ ಅವನನ್ನು ಕೂರಿಸಿದೆ.

ಇಲ್ಲಿ ಒಬ್ಬನು, "ಮಕ್ಕಳೆಲ್ಲರೂ ಒಂದೇ ಅಚ್ಚಿನವರಲ್ಲವಲ್ಲಾ? ಒಂದು ಕೂಸು ಒಂಬತ್ತು ತಿಂಗಳಿಗೆ ನಡೆಯುವದು, ಇನ್ನೊಂದು ಹದಿನೈದಕ್ಕೆ. ತಡವಾಗಿ ಮಾತಾಡಿದವರಲ್ಲಿ ಎಷ್ಟೋ ಮಂದಿ ಚೆನ್ನಾಗಿಯೇ ಬಾಳುತ್ತಾರೆ. ಸುಮ್ಮನೆ ಭಯಪಡಿಸುವದು ಯಾಕೆ?" ಎಂದು ಆಕ್ಷೇಪಿಸಬಹುದು. ಆಕ್ಷೇಪವು ನಿಜವಾದದ್ದೇ. ತಡವಾದ ಮಕ್ಕಳಲ್ಲಿ ಕೆಲವರು ತಾವಾಗಿಯೇ ಸಮನಾಗುತ್ತಾರೆ. ಆದರೆ ಯಾವ ಕೂಸು ತಾನಾಗಿ ಸಮನಾಗುವದು, ಯಾವದು ಆಗುವದಿಲ್ಲ ಎಂಬದನ್ನು ಅಂಗಳದಲ್ಲಿ ನಿಂತು ಹೇಳುವ ಶಕ್ತಿಯು ಅಜ್ಜಿಗೂ ಇಲ್ಲ, ನಮಗೂ ಇಲ್ಲ. ಆದಕಾರಣ ಎರಡು ತಪ್ಪುಗಳನ್ನು ತಕ್ಕಡಿಯಲ್ಲಿ ಇಟ್ಟು ತೂಗೋಣ. ತೋರಿಸಿದೆವು, ಏನೂ ಇರಲಿಲ್ಲ ಅನ್ನೋಣ. ಹೋದದ್ದೇನು? ಬಸ್ಸಿನ ಹಣ, ಎರಡು ದಿನದ ಕೂಲಿ, ನೆರೆಯವರ ನಾಲ್ಕು ಮಾತು. ತೋರಿಸಲಿಲ್ಲ, ಇತ್ತು ಅನ್ನೋಣ. ಆಗ ಹೋಗುವದು ಮಗುವಿನ ವರುಷಗಳು.

ಇದು ಬರೀ ಮಾತಲ್ಲವೆಂಬದಕ್ಕೆ ದೃಷ್ಟಾಂತಗಳುಂಟು. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿಯ ರಸವು ಸಾಲದೆ ಇರುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿಯೇ ರಕ್ತ ಪರೀಕ್ಷೆಯಿಂದ ತಿಳಿದು ಗುಳಿಗೆಯನ್ನು ಕೊಡುತ್ತಾ ಬಂದರೆ ಆ ಕೂಸು ಉಳಿದವರಂತೆ ಬೆಳೆಯುವದು. ತಡವಾಗಿ ತಿಳಿದರೆ ಬುದ್ಧಿಗೆ ಆದ ನಷ್ಟವನ್ನು ಪೂರ್ತಿಯಾಗಿ ತುಂಬುವದಕ್ಕಾಗದು. ಕಿವಿ ಕೇಳಿಸದ ಕೂಸಿನ ವಿಷಯದಲ್ಲಿ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ನಿಶ್ಚಯ, ಆರು ತಿಂಗಳೊಳಗೆ ಸಹಾಯದ ಆರಂಭ ಆಗಬೇಕೆಂದು ವೈದ್ಯರು ಗುರಿಯಿಟ್ಟಿದ್ದಾರೆ. ಯಾಕಂದರೆ ಮಾತನ್ನು ಕಲಿಯುವ ಮಿದುಳಿನ ದಾರಿಗಳು ಮೊದಲ ವರುಷಗಳಲ್ಲಿ ಕಟ್ಟಲ್ಪಡುವ ವೇಗದಿಂದ ಮುಂದೆ ಕಟ್ಟಲ್ಪಡವು. ಆಟಿಸಂ ಮುಂತಾದವುಗಳು ಗುಳಿಗೆಯಿಂದ ಹೋಗತಕ್ಕವುಗಳಲ್ಲ. ಆದರೂ ಬೇಗ ಆರಂಭಿಸಿದ ಅಭ್ಯಾಸವು ಮಗುವಿಗೆ ಬಹಳ ಪ್ರಯೋಜನವಾದದ್ದು.

ಇನ್ನೂ ಒಂದು ಮಾತನ್ನು ತಕ್ಕಡಿಯಲ್ಲಿ ಇಡತಕ್ಕದ್ದು. ನಮ್ಮ ಮನಸ್ಸಿಗೆ ಇದೇ ಎಲ್ಲಕ್ಕಿಂತ ಭಾರವಾದದ್ದು. ಮೊದಲನೆಯ ತಪ್ಪಿನ ಬೆಲೆಯನ್ನು ತೆರುವವರು ತಂದೆತಾಯಿಗಳು. ಎರಡನೆಯ ತಪ್ಪಿನ ಬೆಲೆಯನ್ನು ತೆರುವವರು ಯಾರು? ಮಗು. ಅದನ್ನು ಯಾರೂ ಕೇಳಲಿಲ್ಲ. ಕೇಳಿದರೂ ಹೇಳುವದಕ್ಕೆ ಅದಕ್ಕೆ ಬಾಯಿಲ್ಲ. ತನ್ನ ನೋವನ್ನು ತಾಳುವವನು ತಾಳ್ಮೆಯುಳ್ಳವನು. ಪರರ ಗಂಟಿನಿಂದ ದಾನ ಮಾಡಿದವನು ದಾನಿಯಲ್ಲ. ಹಾಗೆಯೇ ಪರರ ವರುಷಗಳನ್ನು ವ್ಯಯಮಾಡಿ ತಾಳಿದವನು ತಾಳ್ಮೆಯುಳ್ಳವನಲ್ಲ. ಆ ದಿನ ಅಂಗಳದಲ್ಲಿ ನಾವು ತೋರಿಸಿದ ತಾಳ್ಮೆಗೆ ನಮ್ಮ ಕೈಯಿಂದ ಒಂದು ಕಾಸೂ ಖರ್ಚಾಗಲಿಲ್ಲ. ಆ ಹುಡುಗನ ಒಂದು ವರುಷ ಮೂರು ತಿಂಗಳು ಖರ್ಚಾಯಿತು.

ಹಾಗಾದರೆ ಎಷ್ಟು ದಿನ ತಾಳಬಹುದು? ಗುರುತುಗಳನ್ನು ತಿಳಿದವನಿಗೆ ಈ ಪ್ರಶ್ನೆಯು ಕಷ್ಟವಾದದ್ದಲ್ಲ. ಎರಡು ತಿಂಗಳಿನ ಹೊತ್ತಿಗೆ ಕೂಸು ಮುಖ ನೋಡಿ ನಗುವದು. ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲುವದು. ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂತುಕೊಳ್ಳುವದು. ವರುಷ ತುಂಬುವಾಗ ಹೆಸರಿಗೆ ತಿರುಗುವದು, ಟಾಟಾ ಮಾಡುವದು. ಒಂದೂವರೆ ವರುಷಕ್ಕೆ ನಡೆಯುವದು, ಕೆಲವು ಮಾತುಗಳನ್ನು ಆಡುವದು, ಬೇಕಾದದ್ದನ್ನೂ ಸೊಗಸಾದದ್ದನ್ನೂ ಬೆರಳಿನಿಂದ ತೋರಿಸುವದು. ಎರಡು ವರುಷಕ್ಕೆ "ಅವ್ವಾ ಬಾ", "ಹಾಲು ಕೊಡು" ಎಂದು ಎರಡು ಮಾತುಗಳನ್ನು ಕೂಡಿಸುವದು. ಈ ಎಲ್ಲೆಗಳನ್ನು ದಾಟಿಯೂ ಆ ಗುರುತು ಕಾಣದಿದ್ದರೆ ತೋರಿಸತಕ್ಕದ್ದು. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ, ಎರಡು ವರುಷದ ವರೆಗೆ, ಅದು ಹುಟ್ಟಬೇಕಾಗಿದ್ದ ದಿನದಿಂದ ವಯಸ್ಸನ್ನು ಎಣಿಸಬೇಕು. ಬಂದ ಮಾತು ಹೋದರೆ, ಕಲಿತ ಆಟವನ್ನು ಮರೆತರೆ, ಯಾವ ವಯಸ್ಸಿನಲ್ಲಿಯಾದರೂ ತಡಮಾಡಬಾರದು. ಈ ಎಲ್ಲಾ ಗುರುತುಗಳಿಗಿಂತ ಮೇಲಾದ ಗುರುತೊಂದುಂಟು: ತಾಯಿಯ ಸಂಶಯ. ದಿನವೆಲ್ಲಾ ಕೂಸಿನ ಸಂಗಡ ಇರುವವಳು ಅವಳು. ಅವಳು ಕೇಳುತ್ತಾಳೆಂದರೆ ಅವಳು ಏನನ್ನೋ ಕಂಡಿದ್ದಾಳೆ. ನಮ್ಮ ಕೈಯನ್ನು ಕೊಡದ ಮೇಲೆ ಇಟ್ಟ ಆ ಹುಡುಗನಲ್ಲಿ ನಾವು ಕಂಡದ್ದು ಜಾಣತನ. ತಾಯಿ ಕಂಡದ್ದು ಬೆರಳು ತೋರಿಸದ ಮಗನನ್ನು. ಪರರ ಕೈಯನ್ನು ಹತ್ಯಾರದಂತೆ ಉಪಯೋಗಿಸುವದೂ ಗಮನಿಸತಕ್ಕ ಒಂದು ಗುರುತೆಂದು ವೈದ್ಯರಿಂದ ತಿಳಿದಾಗ ನಮಗೆ ನಾಚಿಕೆಯಾಯಿತು.

ತೋರಿಸುವದು ಎಲ್ಲಿ? ಪಟ್ಟಣವು ದೂರವೆಂದು ಯಾರೂ ಎದೆಗೆಡಬೇಕಾಗಿಲ್ಲ. ದಾರಿಯು ನಮ್ಮ ಹಳ್ಳಿಯಲ್ಲಿಯೇ ಆರಂಭವಾಗುತ್ತದೆ. ಮೊದಲು ಆಶಾ ಕಾರ್ಯಕರ್ತೆಗೂ ಅಂಗನವಾಡಿಯವರಿಗೂ ಹೇಳಿರಿ. ತಾಯಿ ಕಾರ್ಡನ್ನು ಜೋಪಾನವಾಗಿಡಿರಿ. ೨೦೧೩ನೆಯ ಇಸವಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬ ಸರಕಾರದ ಯೋಜನೆಯು ಹುಟ್ಟಿದ ಕೂಸಿನಿಂದ ೧೮ ವರುಷದ ವರೆಗಿನವರನ್ನು ನಾಲ್ಕು ವಿಷಯಗಳಲ್ಲಿ ಪರೀಕ್ಷಿಸುತ್ತದೆ: ಹುಟ್ಟಿನ ದೋಷ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯಲ್ಲಿ ತಡ. ಇದರ ವೈದ್ಯ ತಂಡವು ಅಂಗನವಾಡಿಗೆ ವರುಷಕ್ಕೆ ಎರಡಾವರ್ತಿ, ಶಾಲೆಗೆ ಒಂದಾವರ್ತಿ ಬರಬೇಕೆಂಬದು ನಿಯಮ. ಅವರು ಬರುವ ದಿನ ಮಗುವನ್ನು ಮನೆಯಲ್ಲಿ ಅಡಗಿಸಿಡಬೇಡಿರಿ. ತಂಡವು ಬರುವ ವರೆಗೆ ಕಾಯಬೇಕೆಂಬದೂ ಇಲ್ಲ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ನೇರವಾಗಿ ಹೋಗಿ ಕೇಳಬಹುದು. ಇಂಥ ಮಕ್ಕಳಿಗೋಸ್ಕರ ಜಿಲ್ಲಾ ಕೇಂದ್ರಗಳನ್ನು ಸ್ಥಾಪಿಸುವದು ಅದೇ ಯೋಜನೆಯ ಒಂದು ಭಾಗವಾಗಿದೆ.

ಮಕ್ಕಳ ಬೆಳವಣಿಗೆಯ ತಜ್ಞರನ್ನು ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್ ಎಂದು ಕರೆಯುವರು. ಇವರು ಮೊದಲು ಮಕ್ಕಳ ವೈದ್ಯರಾಗಿ, ಆ ಮೇಲೆ ಮಗುವಿನ ನಡೆ, ನುಡಿ, ಕೈಚಳಕ, ಬೆರೆಯುವಿಕೆ, ಕಲಿಯುವಿಕೆ ಇವುಗಳನ್ನು ವಿಶೇಷವಾಗಿ ಅಭ್ಯಾಸ ಮಾಡಿದವರು. ಇವರ ಸಂಖ್ಯೆ ಕಡಿಮೆ. ಹೆಚ್ಚಾಗಿ ದೊಡ್ಡ ಪಟ್ಟಣಗಳಲ್ಲಿ ಇರುತ್ತಾರೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ, ಮಕ್ಕಳ ಮನೋವೈದ್ಯ ವಿಭಾಗವುಳ್ಳ ನಿಮ್ಹಾನ್ಸ್ ಸಂಸ್ಥೆಯೂ ಇವೆ. ಮಾತು ಮತ್ತು ಕಿವಿಯ ವಿಷಯಕ್ಕಾದರೆ ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಪ್ರಸಿದ್ಧವಾದದ್ದು. ಗಡಿಯಾಚೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಇದಕ್ಕಾಗಿಯೇ ಒಂದು ವಿಭಾಗವುಂಟು. ಇಂಥ ತಜ್ಞರ ಸರದಿ ಬರಲು ತಡವಾಗುವದಾದರೆ ಸುಮ್ಮನಿರಬಾರದು. ಹೆಸರು ಬರಸಿ ಬಂದು, ಆ ಸಮಯದಲ್ಲಿ ಕಿವಿಯ ಪರೀಕ್ಷೆಯನ್ನೂ ಕಣ್ಣಿನ ಪರೀಕ್ಷೆಯನ್ನೂ ಮುಗಿಸಿಕೊಳ್ಳಬೇಕು. ಮಾತು ಬಾರದ ಯಾವ ಮಗುವಿಗಾದರೂ ಮೊದಲು ಆಗತಕ್ಕದ್ದು ಕಿವಿಯ ಪರೀಕ್ಷೆ. ಮನೆಯಲ್ಲಿ ತಟ್ಟೆಯನ್ನು ಬಡಿದು ನೋಡಿದ್ದು ಪರೀಕ್ಷೆಯಲ್ಲ.

ಹೋಗುವಾಗ ತಕ್ಕೊಂಡು ಹೋಗತಕ್ಕವುಗಳು ಯಾವವೆಂದರೆ: ತಾಯಿ ಕಾರ್ಡು, ಹೆರಿಗೆಯಾದ ಆಸ್ಪತ್ರೆಯ ಚೀಟಿಗಳು, ಲಸಿಕೆಯ ದಾಖಲೆ, ಹಿಂದೆ ತೋರಿಸಿದ ವೈದ್ಯರ ಕಾಗದಗಳು. ಹುಟ್ಟಿದಾಗ ಕೂಸು ಕೂಡಲೇ ಅತ್ತಿತೋ, ತೂಕವೆಷ್ಟು, ಕಾಮಾಲೆ ಏರಿತ್ತೋ, ಫಿಟ್ಸ್ ಬಂದಿತ್ತೋ ಎಂಬದನ್ನು ಮೊದಲೇ ನೆನಪು ಮಾಡಿಕೊಂಡು ಬರೆದಿಡಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಹುಡುಗರಿಂದ ಬರಸಿರಿ. ಮಗು ಮನೆಯಲ್ಲಿ ಆಡುವದನ್ನು ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರಿಸಿಕೊಂಡು ಹೋಗುವದು ಬಹಳ ಉಪಯುಕ್ತವಾದದ್ದು. ಯಾಕಂದರೆ ಹೊಸ ಸ್ಥಳದಲ್ಲಿ ಮಕ್ಕಳು ತಮ್ಮ ಸಹಜ ರೀತಿಯನ್ನು ತೋರಿಸರು. ಮಗುವಿಗೆ ಏನು ಬಾರದೆಂಬದನ್ನು ಮಾತ್ರವಲ್ಲ, ಏನು ಬರುತ್ತದೆಂಬದನ್ನೂ ಹೇಳಿರಿ. ಬುತ್ತಿಯನ್ನೂ ಮಗುವಿಗೆ ಪ್ರಿಯವಾದ ಆಟದ ಸಾಮಾನನ್ನೂ ಮರೆಯಬೇಡಿರಿ. ತಂದೆಯೂ ಸಂಗಡ ಹೋಗತಕ್ಕದ್ದು. ತಾಯಿಯನ್ನು ಒಬ್ಬಳನ್ನೇ ಕಳುಹಿಸಿದರೆ, ಅವಳು ಕೇಳಿಸಿಕೊಂಡು ಬಂದದ್ದನ್ನು ಮನೆಯಲ್ಲಿ ಯಾರೂ ನಂಬದೆ ಹೋಗುವರು.

ಅಲ್ಲಿ ನಡೆಯುವದೇನು? ನಮ್ಮ ಹುಡುಗನ ತಂದೆಯು ಕೊಳವೆಗಳನ್ನೂ ಯಂತ್ರಗಳನ್ನೂ ನೆನಸಿಕೊಂಡು ಬಂದಿದ್ದನು. ಆದರೆ ವೈದ್ಯರು ಚಾಪೆಯ ಮೇಲೆ ಕೂತು ಮಗುವಿನ ಸಂಗಡ ಆಡಿದರು. ಮರದ ತುಂಡುಗಳನ್ನು ಒಂದರ ಮೇಲೊಂದು ಇರಿಸಿದರು. ಗೊಂಬೆಗೆ ಉಣಿಸುವಂತೆ ನಟಿಸಿದರು. ಹೆಸರು ಹಿಡಿದು ಕರೆದರು. ಚಿತ್ರವನ್ನು ತೋರಿಸಿ ಕಾದರು. ತಲೆಯ ಸುತ್ತಳತೆಯನ್ನೂ ಎತ್ತರವನ್ನೂ ತೂಕವನ್ನೂ ಅಳೆದರು. ಬಸುರಿನ ಕಾಲದಿಂದ ಹಿಡಿದು ನಿನ್ನೆಯ ರಾತ್ರಿಯ ನಿದ್ರೆಯ ವರೆಗೆ ತಾಯಿಯನ್ನು ಪ್ರಶ್ನಿಸಿದರು. ಆಟಿಸಂ ಎಂಬದನ್ನು ತೋರಿಸಿಕೊಡುವ ರಕ್ತ ಪರೀಕ್ಷೆಯು ಇಲ್ಲ. ಹೀಗೆ ನೋಡಿಯೂ ಕೇಳಿಯೂ ತಿಳಿಯಬೇಕಾಗಿದೆ. ಬೇರೆ ಕಾರಣಗಳನ್ನು ಹುಡುಕುವದಕ್ಕೋಸ್ಕರ ಕೆಲವು ಮಕ್ಕಳಿಗೆ ಮಾತ್ರ ರಕ್ತವನ್ನೋ ಮಿದುಳನ್ನೋ ಪರೀಕ್ಷಿಸುವರು. ಎರಡು ತಾಸಿನ ಮೇಲಾಯಿತು. ಮತ್ತೊಮ್ಮೆ ಬರಲಿಕ್ಕೂ ಹೇಳಿದರು. ಹೊರಗೆ ಬಂದ ಮೇಲೆ ತಂದೆಯು, "ಇಷ್ಟು ದೂರ ಬಂದು ಒಂದು ಸೂಜಿಯಿಲ್ಲ, ಒಂದು ಗುಳಿಗೆಯಿಲ್ಲ" ಎಂದು ಬೇಸರಪಟ್ಟನು. ಆದರೆ ಗುಳಿಗೆಯ ಬದಲು ಅವರು ಕೊಟ್ಟದ್ದು ಕೆಲಸ: ಮಾತಿನ ಅಭ್ಯಾಸ, ಕೈ ಮೈಗಳ ಅಭ್ಯಾಸ, ಅದಕ್ಕಿಂತ ಹೆಚ್ಚಾಗಿ ದಿನಾಲು ಮನೆಯಲ್ಲಿ ತಂದೆತಾಯಿಗಳು ಮಗುವಿನ ಸಂಗಡ ಮಾಡತಕ್ಕ ಅಭ್ಯಾಸ. ಆದಕಾರಣ ಹೊರಡುವ ಮೊದಲು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ: ನಾಳೆ ಮನೆಯಲ್ಲಿ ನಾವು ಮಾಡತಕ್ಕದ್ದೇನು? ನಮ್ಮ ಊರಿಗೆ ಹತ್ತಿರದಲ್ಲಿ ಈ ಅಭ್ಯಾಸವನ್ನು ಕಲಿಸುವವರು ಎಲ್ಲಿದ್ದಾರೆ? ತಿರುಗಿ ಯಾವಾಗ ಬರಬೇಕು? "ತಿಳಿಯಲಿಲ್ಲ, ಇನ್ನೊಮ್ಮೆ ಕನ್ನಡದಲ್ಲಿ ಹೇಳಿರಿ" ಎಂದು ಕೇಳುವದು ಅವಮಾನವಲ್ಲ.

ಅನೇಕರು ಆಸ್ಪತ್ರೆಯ ಬಾಗಿಲಿನ ತನಕ ಹೋಗಿ ಹಿಂದಿರುಗುವದು ಹಣದ ದೆಸೆಯಿಂದಲ್ಲ, ಹೆಸರಿನ ಭಯದಿಂದ. "ವೈದ್ಯರು ಒಂದು ಹೆಸರು ಇಟ್ಟರೆ ಅದು ಹುಡುಗನಿಗೆ ಅಂಟಿಕೊಳ್ಳುವದು; ಅಕ್ಕನ ಮದುವೆಗೂ ಅಡ್ಡಿಯಾಗುವದು" ಅನ್ನುವರು. ಈ ಭಯವನ್ನು ನಾವು ಹೀನೈಸುವದಿಲ್ಲ. ಹಳ್ಳಿಯಲ್ಲಿ ಬಾಳುವವರಿಗೆ ಅದರ ಭಾರವು ಗೊತ್ತು. ಆದರೆ ಯೋಚಿಸಿರಿ, ಆ ಮಗುವಿಗೆ ಈಗ ಹೆಸರಿಲ್ಲವೋ? ಕೆರೆಯ ಏರಿಯ ಮೇಲೆ ಅವನನ್ನು ಮೂಗನೆಂದೂ ಪೆದ್ದನೆಂದೂ ಕರೆದು ಆಗಿದೆ. ಊರಿನವರು ಇಟ್ಟ ಹೆಸರು ಅವನಿಗೆ ಬೆಲೆ ಕಟ್ಟುತ್ತದೆ, ಮಾಡತಕ್ಕದ್ದೇನೆಂದು ಹೇಳುವದಿಲ್ಲ. ವೈದ್ಯರು ಇಟ್ಟ ಹೆಸರು ಮಾಡತಕ್ಕದ್ದನ್ನು ಹೇಳುತ್ತದೆ, ಬೆಲೆ ಕಟ್ಟುವದಿಲ್ಲ. ಅಷ್ಟೇ ಅಲ್ಲದೆ ಆ ಹೆಸರು ಕೆಲವು ಬಾಗಿಲುಗಳನ್ನು ತೆರೆಯುತ್ತದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ೨೧ ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಆಟಿಸಂ, ಬುದ್ಧಿಯ ಬೆಳವಣಿಗೆಯ ಕೊರತೆ, ಸೆರೆಬ್ರಲ್ ಪಾಲ್ಸಿ, ಕಲಿಕೆಯ ತೊಡಕು ಇವು ಅದರಲ್ಲಿ ಸೇರಿವೆ. ನ್ಯೂನತೆಯು ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ದೊರೆತ ಮಗುವಿಗೆ ೬ರಿಂದ ೧೮ ವರುಷದ ವರೆಗೆ ಹತ್ತಿರದ ಶಾಲೆಯಲ್ಲಿಯಾಗಲಿ, ವಿಶೇಷ ಶಾಲೆಯಲ್ಲಿಯಾಗಲಿ ಉಚಿತ ವಿದ್ಯೆಯ ಹಕ್ಕುಂಟು. ೧೯೯೯ರ ಕಾಯಿದೆಯಿಂದ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು ನಿರಾಮಯ ಎಂಬ ವಿಮೆಯ ಮೂಲಕ ಇಂಥವರಲ್ಲಿ ಕೆಲವು ವರ್ಗದವರ ಚಿಕಿತ್ಸೆಗೆ ಒಂದು ಲಕ್ಷ ರೂಪಾಯಿಯ ವರೆಗೆ ನೆರವು ಏರ್ಪಡಿಸಿದೆ. ಹೆಸರನ್ನು ಮರೆಮಾಡಿದವರಿಗೆ ಈ ಬಾಗಿಲುಗಳು ಮುಚ್ಚಿಯೇ ಇರುವವು.

ಹೆಸರು ತಿಳಿದ ಕೂಡಲೇ ಮತ್ತೊಂದು ಪ್ರಶ್ನೆ ಏಳುತ್ತದೆ: ಇದು ಯಾರ ತಪ್ಪಿನಿಂದ ಬಂತು? ಅತ್ತೆಯು ಸೊಸೆಯ ಕಡೆಗೂ, ಸೊಸೆಯು ತನ್ನ ಕಡೆಗೂ ಬೊಟ್ಟು ಮಾಡುವರು. ಈ ಪ್ರಶ್ನೆಯಲ್ಲಿ ಹಳ್ಳಿಯವರು ಮಾತ್ರ ಎಡವಿದ್ದಾರೆಂದು ತಿಳಿಯಬೇಡಿರಿ, ವಿದ್ವಾಂಸರೂ ಎಡವಿದ್ದಾರೆ. ೧೯೪೩ರಲ್ಲಿ ಅಮೇರಿಕದ ಬಾಲ್ಟಿಮೋರ್ ಪಟ್ಟಣದ ಲಿಯೊ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ವರ್ಣಿಸಿ ಆಟಿಸಂ ವಿಷಯವಾಗಿ ಬರೆದರು. ಆ ಮೇಲಣ ಎರಡು ಮೂರು ದಶಕಗಳ ಕಾಲ ಅನೇಕ ಪಂಡಿತರು, ತಾಯಿಯ ಪ್ರೀತಿ ಸಾಲದೆ ಇದು ಬರುತ್ತದೆಂದು ಬೋಧಿಸಿ ಎಷ್ಟೋ ತಾಯಂದಿರ ಎದೆಯನ್ನು ಒಡೆದರು. ಅದು ಸುಳ್ಳೆಂದು ಸ್ಥಾಪಿತವಾಯಿತು. ೧೯೯೮ರಲ್ಲಿ ಲ್ಯಾನ್ಸೆಟ್ ಎಂಬ ಪತ್ರಿಕೆಯಲ್ಲಿ ಬಂದ ಒಂದು ಲೇಖನವು ಲಸಿಕೆಯ ಕಡೆಗೆ ಬೊಟ್ಟು ಮಾಡಿತು. ೨೦೧೦ರಲ್ಲಿ ಪತ್ರಿಕೆಯವರೇ ಅದನ್ನು ಹಿಂತೆಗೆದುಕೊಂಡರು. ಮಿದುಳು ಬೆಳೆಯುವ ರೀತಿಯಲ್ಲಿಯೇ ಇದರ ಮೂಲವಿದೆ. ವಂಶದ ಬೀಜಗುಣಗಳಿಗೆ ಅದರಲ್ಲಿ ದೊಡ್ಡ ಪಾಲುಂಟು. ಹುಟ್ಟು ಕುರುಡನನ್ನು ಕಂಡು ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ, ಕರ್ತನು ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಆ ಮನುಷ್ಯನಿಗೆ ಮಾಡತಕ್ಕದ್ದನ್ನು ಮಾಡಿದನೆಂದು ನಾವು ಓದಿದ್ದೇವಲ್ಲಾ. ತಪ್ಪುಗಾರನನ್ನು ಹುಡುಕುವದರಲ್ಲಿ ಕಳೆಯುವ ಪ್ರತಿಯೊಂದು ದಿನವು ಮಗುವಿನ ದಿನವೇ. ಹಾಗೆಯೇ ದಾರ ಕಟ್ಟುವವರಿಂದಲೂ, "ಆರು ತಿಂಗಳಲ್ಲಿ ಪೂರ್ಣ ಗುಣ" ಎಂದು ಹಣ ಕೇಳುವವರಿಂದಲೂ ದೂರವಿರಿ. ನಿಜವಾದ ವೈದ್ಯರು ಅಂಥ ವಾಗ್ದಾನ ಮಾಡುವದಿಲ್ಲ.

ಇನ್ನು ನಮ್ಮಂಥ ಉಪದೇಶಕರಿಗೂ ನೆರೆಯವರಿಗೂ ಒಂದು ಮಾತು. "ತಾಳಿಕೋ" ಎಂದು ಹೇಳುವದಕ್ಕೆ ಮುಂಚೆ, ಈ ತಾಳ್ಮೆಯ ಬೆಲೆಯನ್ನು ತೆರುವವರು ಯಾರೆಂದು ಕೇಳಿಕೊಳ್ಳೋಣ. ಪ್ರಾರ್ಥಿಸೋಣ, ಪ್ರಾರ್ಥಿಸಿ ಬಸ್ಸಿನ ವೇಳೆಯನ್ನೂ ವಿಚಾರಿಸೋಣ. ಪಟ್ಟಣಕ್ಕೆ ಹೋಗುವ ದಿನ ಆ ಮನೆಯ ದನವನ್ನು ಒಬ್ಬರು ಕಟ್ಟಲಿ, ದೊಡ್ಡ ಮಗಳನ್ನು ಒಬ್ಬರು ನೋಡಿಕೊಳ್ಳಲಿ. "ಇನ್ನೂ ಮಾತು ಬರಲಿಲ್ಲವೋ?" ಎಂದು ಕಂಡಾಗಲೆಲ್ಲಾ ಕೇಳುವದನ್ನು ಬಿಟ್ಟು, ಆ ಹುಡುಗನ ಸಂಗಡ ಸ್ವಲ್ಪ ಹೊತ್ತು ಕೂತುಕೊಳ್ಳೋಣ.

ಆ ಹುಡುಗನಿಗೆ ಈಗ ಆರನೆಯ ವರುಷ. ಅವನು ಉಳಿದ ಮಕ್ಕಳಂತೆ ಆದನೆಂದು ಹೇಳಿದರೆ ಸುಳ್ಳಾಗುವದು. ಮಾತುಗಳು ಎಣಿಸುವಷ್ಟು; ಗದ್ದಲವಾದರೆ ಈಗಲೂ ಕಿವಿ ಮುಚ್ಚಿಕೊಂಡು ಮೂಲೆಗೆ ಹೋಗುತ್ತಾನೆ. ಕಳೆದ ಬೇಸಗೆಯಲ್ಲಿ ನಾವು ಅವರ ಅಂಗಳದಲ್ಲಿ ಕೂತಿದ್ದೆವು. ಅವನು ನಮ್ಮ ಬಳಿಗೆ ಬಂದನು, ಕೈಯನ್ನು ಎಳೆಯಲಿಲ್ಲ. ದೂರದಲ್ಲಿದ್ದ ಕೊಡದ ಕಡೆಗೆ ಬೆರಳು ಚಾಚಿ, ನಮ್ಮ ಮುಖವನ್ನು ಒಂದು ಗಳಿಗೆ ನೋಡಿ, "ನೀ" ಅಂದನು. "ಅದೊಂದಕ್ಕೆ ಎಂಟು ತಿಂಗಳು ಹಿಡಿಯಿತು ಅಯ್ಯನವರೇ" ಎಂದು ತಾಯಿ ಹೇಳಿದಳು. ಎಂಟು ತಿಂಗಳು ದಿನಾಲು, ಕಳೆ ಕಿತ್ತು ದಣಿದು ಬಂದ ಮೇಲೆ, ಅವಳು ಕೊಡದ ಮುಂದೆ ಮಂಡಿಯೂರಿ, ಅವನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಚಾಚಿಸಿ, "ನೀರು" ಎಂದು ಹೇಳಿ, ಕಾದು, ಮತ್ತೆ ಹೇಳಿದ್ದಳು. ಏನನ್ನು ಎದುರುನೋಡುತ್ತೇನೆಂಬದು ಅವಳಿಗೆ ತಿಳಿದಿತ್ತು. ಬೆಲೆಯನ್ನು ತನ್ನ ಮೈಯಿಂದಲೇ ತೆತ್ತಳು.

ಪ್ರಿಯರೇ, ತಾಳ್ಮೆ ಎಂದರೆ ಇದು. ವೈದ್ಯರ ಬಳಿಗೆ ಹೋಗುವದಕ್ಕೆ ಮುಂಚೆ ನಾವು ಬೋಧಿಸಿದ್ದಲ್ಲ. ಹೋಗಿ ಬಂದ ಮೇಲೆ ಅವಳು ಮಾಡಿದ್ದು. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ಕೂಸು ಇದ್ದರೆ ಮುಂದಿನ ಸುಗ್ಗಿಯ ವರೆಗೆ ಕಾಯಬೇಡಿರಿ. ಈ ವಾರವೇ ಏಳಿರಿ, ಹೋಗಿ ತೋರಿಸಿರಿ. ತಾಳುವದಕ್ಕೆ ಆ ಮೇಲೆ ಬೇಕಾದಷ್ಟು ಉಂಟು.